ಉತಾರದಲ್ಲಿ ಹೆಸರಿಲ್ಲ, ಸಂಶೋಧನೆಯ ಲೆಕ್ಕದಲ್ಲೂ ಇಲ್ಲ

2026ನೇ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ರೈತ ಮಹಿಳಾ ವರ್ಷವೆಂದು ಘೋಷಿಸಿದೆ. ಸಭೆ ಸಮಾರಂಭಗಳು ನಡೆಯುತ್ತವೆ, ಸಾಧಕಿಯರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ಸನ್ಮಾನ ಆಗಲಿ, ಅದು ಸಲ್ಲಬೇಕಾದದ್ದೇ. ಆದರೆ ಈ ಘೋಷಣೆ ನಮ್ಮ ಮುಂದಿಡುವ ಪ್ರಶ್ನೆ ಅದಕ್ಕಿಂತ ದೊಡ್ಡದು. ಬೀಜ, ಯಂತ್ರ, ಔಷಧಿ, ಸಾಲ, ತರಬೇತಿ ಇವನ್ನೆಲ್ಲ ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ರೂಪಿಸಲಾಗುತ್ತಿದೆ? ಹೊಸ ತಂತ್ರಜ್ಞಾನ ಗೆದ್ದಿತೋ ಸೋತಿತೋ ಎಂದು ಯಾರ ಲಾಭ-ನಷ್ಟ ನೋಡಿ ತೀರ್ಮಾನಿಸಲಾಗುತ್ತಿದೆ? ವಿಷಯ ದೊಡ್ಡದಾದರೂ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಳಗಾವಿಯಿಂದ ಒಂದು ತಾಸಿನೊಳಗೆ ಮುಟ್ಟುವ ಖಾನಾಪುರದ ಭತ್ತದ ಹೊಲಗಳೇ ಸಾಕು.

ಸಾಲಿನ ನಡುವೆ ಎತ್ತು, ಸಾಲಿನ ಒಳಗೆ ಕೈ

ಖಾನಾಪುರ ತಾಲೂಕಿನ ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ. ಅದು ಮಲಪ್ರಭೆ ಹುಟ್ಟುವ ಕಾಡುಸೀಮೆ, ಅಲ್ಲಿ ಮಳೆ ವಿಪರೀತ. ಪೂರ್ವಕ್ಕೆ ಬೀಡಿ, ಇಟಗಿ, ಕಕ್ಕೇರಿ. ಅಲ್ಲಿ ಅರೆಮಲೆನಾಡು ಮುಗಿದು ಬಯಲು ಶುರುವಾಗುತ್ತದೆ. ಇವೆರಡರ ನಡುವಿನ ಸೀಮೆಯಲ್ಲಿ, ಧಾರವಾಡದ ಅರೆಮಲೆನಾಡಿನಲ್ಲಿ ಇರುವಂತೆಯೇ, ಸಸಿ ನಾಟಿ ಮಾಡುವುದಕ್ಕಿಂತ ಮುಂಗಾರಿನ ಹೊಸ್ತಿಲಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ರೂಢಿ ಹಳೆಯದು. ಒಣ ಹೊಲದಲ್ಲಿ ಬೀಜ ಬೀಳುತ್ತದೆ, ಮಳೆಗೆ ಮೊಳೆಯುತ್ತದೆ, ಮುಂದೆ ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ.

ಈ ಪದ್ಧತಿಯ ಕಷ್ಟವೆಂದರೆ ಕಸ. ನಾಟಿ ಗದ್ದೆಯಲ್ಲಿ ಮೊದಲ ದಿನದಿಂದಲೇ ನೀರು ನಿಂತಿರುವುದರಿಂದ ಅರ್ಧ ಕಸ ಹುಟ್ಟುವುದೇ ಇಲ್ಲ, ಸಸಿಯೂ ಕಸಕ್ಕಿಂತ ಮುಂದಿರುತ್ತದೆ. ಕೂರಿಗೆ ಭತ್ತದಲ್ಲಿ ಬೆಳೆ ಮತ್ತು ಕಸ ಒಂದೇ ಮಳೆಗೆ, ಒಟ್ಟಿಗೇ ಹುಟ್ಟುತ್ತವೆ. ಮೊದಲ ಒಂದೂವರೆ ತಿಂಗಳಲ್ಲಿ ಕಸ ತೆಗೆಯದಿದ್ದರೆ ಇಳುವರಿ ಕೈ ತಪ್ಪಿತೆಂದೇ ಅರ್ಥ.

ಕೂರಿಗೆ ಸಾಲು ಹಿಡಿದು ಬಿತ್ತುತ್ತದೆ. ಸಾಲುಗಳ ನಡುವಿನ ಕಸಕ್ಕೆ ಎತ್ತು ಹೂಡಿ ಎಡೆ ಹೊಡೆಯುತ್ತಾರೆ. ಆ ಕೆಲಸ ಗಂಡಸರದು. ಆದರೆ ಎಡೆಕುಂಟೆ ಸಾಲಿನ ಒಳಗೆ ಹೋಗಲಾರದು, ಹೋದರೆ ಭತ್ತವೇ ಕಿತ್ತು ಬರುತ್ತದೆ. ಸಾಲಿನಲ್ಲಿ ಭತ್ತದ ಬುಡಕ್ಕೇ ಅಂಟಿಕೊಂಡು ಎದ್ದ ಕಸವನ್ನು ಕುಕ್ಕರುಗಾಲಿನಲ್ಲಿ ಕೂತು ಕೈಯಿಂದಲೇ ಕೀಳಬೇಕು. ಆ ಕೆಲಸ ಹೆಂಗಸರದು. ಎಳೆಯ ಭತ್ತಕ್ಕೂ ಅದರ ಜೊತೆ ಹುಟ್ಟುವ ಕೆಲವು ಹುಲ್ಲುಗಳಿಗೂ ನೋಟದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಭತ್ತದ ಎಲೆ ಕಾಂಡವನ್ನು ಸೇರುವ ಜಾಗದಲ್ಲಿ ತೆಳುವಾದ ಒಂದು ಪೊರೆ, ಅದರ ಪಕ್ಕದಲ್ಲಿ ಕಿವಿಯಂಥ ಸಣ್ಣ ಚಾಚು ಇರುತ್ತದೆ. ಭತ್ತದ ಹೊಲದ ಮುಖ್ಯ ಕಳೆಹುಲ್ಲಿಗೆ ಅವೆರಡೂ ಇರುವುದಿಲ್ಲ. ಸಸ್ಯಶಾಸ್ತ್ರದ ವಿದ್ಯಾರ್ಥಿ ಭೂತಗನ್ನಡಿ ಹಿಡಿದು ಗುರುತಿಸುವ ಈ ಭೇದವನ್ನು ಕಸ ತೆಗೆಯುವ ಹೆಂಗಸರು ಮಳೆಯಲ್ಲಿ ತೊಯ್ಯುತ್ತ, ಕ್ಷಣಾರ್ಧದಲ್ಲಿ, ದಿನವಿಡೀ ಗುರುತಿಸುತ್ತಾರೆ. ಕೃಷಿಯ ಭಾಷೆಯಲ್ಲಿ ಇದಕ್ಕೆ ‘ಕೌಶಲರಹಿತ ಕೂಲಿ’ ಎಂದು ಹೆಸರು.

ಸಾಲಿನ ನಡುವಿನ ಕಸಕ್ಕೆ, ಅಂದರೆ ಗಂಡಸರ ಪಾಲಿನ ಕೆಲಸಕ್ಕೆ, ಶತಮಾನಗಳ ಹಿಂದೆಯೇ ಉಪಕರಣ ಬಂತು. ಎತ್ತಿನ ಜೊತೆಗೆ ಈಗ ಸಣ್ಣ ಟ್ರ್ಯಾಕ್ಟರ್, ಪವರ್ ವೀಡರ್ ಬಂದಿವೆ. ಸಾಲಿನ ಒಳಗಿನ ಕಸಕ್ಕೆ, ಅಂದರೆ ಹೆಂಗಸರ ಪಾಲಿನ ಕೆಲಸಕ್ಕೆ, ಇವತ್ತಿಗೂ ಬೆರಳೇ ಉಪಕರಣ. ಯಾವ ವಿಜ್ಞಾನಿಯೂ ಇದನ್ನು ಬೇಕೆಂದು ಮಾಡಿದ್ದಲ್ಲ. ಯಾರ ಶ್ರಮ ಸಮಸ್ಯೆಯೆಂದು ಕಂಡಿತೋ ಅದಕ್ಕೆ ಪರಿಹಾರ ಹುಡುಕಲಾಯಿತು, ಯಾರದ್ದು ಕಾಣಲಿಲ್ಲವೋ ಅದು ಹಾಗೆಯೇ ಉಳಿಯಿತು.

ಸಂಶೋಧನೆ ಹೊಲಕ್ಕೆ ಬರುವ ದಾರಿ

ಇದು ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಕೃಷಿ ಸಂಶೋಧನೆ ನಡೆಯುವ ಬಗೆಯನ್ನು ನೋಡಬೇಕು. ನಮ್ಮ ಭಾಗಕ್ಕೆ 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯವಿದೆ. ಅದರ ಮುಗದ ಕೇಂದ್ರದಲ್ಲಿ ಭತ್ತ, ಸಂಕೇಶ್ವರದಲ್ಲಿ ಕಬ್ಬು, ನಿಪ್ಪಾಣಿಯಲ್ಲಿ ತಂಬಾಕಿನ ಮೇಲೆ ಕೆಲಸ ನಡೆದಿದೆ. ಅಲ್ಲಿ ಪಕ್ವವಾದ ತಳಿ ಅಥವಾ ಪದ್ಧತಿಯನ್ನು ಕೃಷಿ ವಿಜ್ಞಾನ ಕೇಂದ್ರಗಳು ರೈತರ ಹೊಲದಲ್ಲಿ ಪ್ರಾತ್ಯಕ್ಷಿಕೆಯಾಗಿ ಮಾಡಿ ತೋರಿಸುತ್ತವೆ. ಬೆಳಗಾವಿ ಜಿಲ್ಲೆಗೆ ಮತ್ತಿಕೊಪ್ಪ ಮತ್ತು ತುಕ್ಕಾನಟ್ಟಿಯಲ್ಲಿ ಇಂಥ ಕೇಂದ್ರಗಳಿವೆ. ಆಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಬೀಜ, ಔಷಧಿ, ಉಪಕರಣ ಊರಿಗೆ ತಲುಪುತ್ತವೆ.

ಈ ದಾರಿಯಲ್ಲಿ ಮೂರು ಕಡೆ ತೀರ್ಮಾನ ಆಗುತ್ತದೆ. ಯಾವ ಸಮಸ್ಯೆಯ ಮೇಲೆ ಸಂಶೋಧನೆ ಎಂಬುದು ಒಂದು. ಯಾರ ಹೊಲದಲ್ಲಿ, ಯಾರ ಕೈಯಲ್ಲಿ ಪರೀಕ್ಷೆ ಎಂಬುದು ಎರಡು. ಯಾವ ಅಳತೆಯಲ್ಲಿ ಗೆಲುವು-ಸೋಲು ನೋಡುವುದು ಎಂಬುದು ಮೂರು. ಪ್ರಾತ್ಯಕ್ಷಿಕೆಗೆ ಹೊಲ ಬೇಕು, ಹೊಲ ಯಾರ ಹೆಸರಿನಲ್ಲಿದೆಯೋ ಅವರೇ ‘ಫಲಾನುಭವಿ ರೈತ’. ಕ್ಷೇತ್ರೋತ್ಸವಕ್ಕೆ ಆಹ್ವಾನ ಅವರಿಗೇ, ಅಭಿಪ್ರಾಯ ಕೇಳುವುದೂ ಅವರನ್ನೇ. ಕೊನೆಗೆ ಅಳತೆ ಎಕರೆಗೆ ಎಷ್ಟು ಕ್ವಿಂಟಲ್ ಎಂಬುದು. ಆ ಕ್ವಿಂಟಲ್ ಬೆಳೆಯಲು ಹೆಂಗಸರ ಕೆಲಸದ ತಾಸು ಎಷ್ಟು ಹೆಚ್ಚಿತು, ಎಷ್ಟು ಇಳಿಯಿತು ಎಂಬ ಕಾಲಂ ಸಾಮಾನ್ಯವಾಗಿ ಇರುವುದೇ ಇಲ್ಲ.

ಅಳತೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಎರಡು ಭತ್ತದ ತಳಿಗಳಲ್ಲಿ ಒಂದು ಎಕರೆಗೆ ಎರಡು ಚೀಲ ಹೆಚ್ಚು ಕೊಡುತ್ತದೆ ಎಂದುಕೊಳ್ಳಿ. ಗಿಡ್ಡ ತಳಿಯಾದ್ದರಿಂದ ಹುಲ್ಲು ಕಡಿಮೆ, ಒಕ್ಕುವಾಗ ಕಾಳು ಸುಲಭವಾಗಿ ಉದುರುವುದಿಲ್ಲ, ಬೆಳಿಗ್ಗೆ ಮಾಡಿದ ಅನ್ನ ಸಂಜೆಗೆ ಗಟ್ಟಿಯಾಗುತ್ತದೆ. ಪೇಟೆಗೆ ಒಯ್ಯುವವರಿಗೆ ಅದು ಒಳ್ಳೆಯ ತಳಿ. ಎಮ್ಮೆಗೆ ಮೇವು ಹೊಂದಿಸುವವರಿಗೆ, ಒಕ್ಕುವವರಿಗೆ, ಬುತ್ತಿ ಕಟ್ಟುವವರಿಗೆ ಅಲ್ಲ. ಮನೆಯಲ್ಲಿ ಈ ಕೆಲಸ ಮಾಡುವವರು ಬೇರೆ ಬೇರೆ ಜನರಾದ್ದರಿಂದ ಒಬ್ಬರನ್ನೇ ಕೇಳಿದರೆ ಅರ್ಧ ಸತ್ಯ ಮಾತ್ರ ದಾಖಲಾಗುತ್ತದೆ. ಕೇಂದ್ರದಲ್ಲಿ ಗೆದ್ದ ಎಷ್ಟೋ ತಳಿಗಳನ್ನು ಹಳ್ಳಿ ಒಪ್ಪಿಕೊಳ್ಳದೆ ಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಹೆಂಗಸರನ್ನು ಕೇಳುವುದು ಅವರ ಮೇಲಿನ ಉಪಕಾರ ಎಂದು ಭಾವಿಸಬೇಕಿಲ್ಲ. ಕೇಳದಿದ್ದರೆ ಸಂಶೋಧನೆಯೇ ತಪ್ಪಾಗುತ್ತದೆ.

ಜಗತ್ತಿನ ಒಳ್ಳೆಯ ಉದಾಹರಣೆಯೊಂದು ಬೆಳಗಾವಿಯವರಿಗೆ ಚಿರಪರಿಚಿತವಾದ ಬೆಳೆಯದೇ ಇದೆ. ಅದು ಗೆಣಸು. ಆಫ್ರಿಕಾದ ಹಲವು ದೇಶಗಳಲ್ಲಿ ಮಕ್ಕಳಿಗೆ ‘ಎ’ ಜೀವಸತ್ವದ ಕೊರತೆ ಇತ್ತು. ದೇಹದಲ್ಲಿ ಆ ಜೀವಸತ್ವವಾಗಿ ಬದಲಾಗುವ ಅಂಶ ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಹೇರಳವಾಗಿದೆ. ಆದರೆ ಹೊರಗಿನಿಂದ ತಂದ ತಳಿಗಳು ಬೇಯಿಸಿದಾಗ ನೀರುನೀರಾಗುತ್ತಿದ್ದವು, ಅಲ್ಲಿಯವರಿಗೆ ಹಿಟ್ಟಿನಂಥ ಗಟ್ಟಿ ಗೆಣಸೇ ಇಷ್ಟ. ಬೆಳೆಯುವವರೂ ಬೇಯಿಸುವವರೂ ಮಕ್ಕಳಿಗೆ ತಿನ್ನಿಸುವವರೂ ಹೆಂಗಸರೇ ಆದ್ದರಿಂದ ಸಂಶೋಧಕರು ಅವರ ರುಚಿ, ಅವರ ಅಡುಗೆ, ಅವರು ಬಳ್ಳಿ ಉಳಿಸಿಕೊಳ್ಳುವ ಬಗೆ ಇವನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿದರು. 2016ರ ವಿಶ್ವ ಆಹಾರ ಪ್ರಶಸ್ತಿ ಈ ಕೆಲಸದ ಮಾರಿಯಾ ಆಂಡ್ರೇಡ್, ರಾಬರ್ಟ್ ಮ್ವಾಂಗಾ, ಜಾನ್ ಲೋ ಹಾಗೂ ಜೈವಿಕ ಸಾರವರ್ಧನೆಯ ಹರಿಕಾರ ಹೊವಾರ್ತ್ ಬೂಯಿಸ್ ಅವರಿಗೆ ಸಂದಿತು.

ಬೆಳಗಾವಿ ಮತ್ತು ಖಾನಾಪುರ ತಾಲೂಕುಗಳು ಗೆಣಸಿಗೆ ಹೆಸರಾದವು, ಬೆಳಗಾವಿಯ ಎಪಿಎಂಸಿಯಿಂದ ಲಾರಿಗಟ್ಟಲೆ ಗೆಣಸು ಹೊರರಾಜ್ಯಗಳಿಗೆ ಹೋಗುತ್ತದೆ. ಬೋದಿನ ಮೇಲೆ ಬಳ್ಳಿ ಊರುವುದು, ಕಸ ತೆಗೆಯುವುದು, ಅಗೆದ ಗಡ್ಡೆ ಆರಿಸಿ ಚೀಲ ತುಂಬುವುದು ಬಹುತೇಕ ಹೆಂಗಸರ ಕೆಲಸ. ಮಾರಾಟದ ಪಟ್ಟಿ ಬರುವುದು ಗಂಡಸರ ಹೆಸರಿಗೆ. ಕೇರಳದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಭೂ ಸೋನಾ’ ಎಂಬ ಕಿತ್ತಳೆ ತಿರುಳಿನ ತಳಿ ಬಿಡುಗಡೆ ಮಾಡಿದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 48ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ‘ಎ’ ಜೀವಸತ್ವ ದೇಹ ಕಬ್ಬಿಣಾಂಶವನ್ನು ಬಳಸಿಕೊಳ್ಳಲು ನೆರವಾಗುತ್ತದೆ. ಇಂಥ ಗೆಣಸನ್ನು ಇಲ್ಲಿ ಬೆಳೆಸಬಹುದೇ, ಮನೆ ಒಪ್ಪುತ್ತದೆಯೇ, ಪೇಟೆ ಕೊಳ್ಳುತ್ತದೆಯೇ ಎಂಬುದಕ್ಕೆ ಮೊದಲು ಕೇಳಬೇಕಾದದ್ದು ಬಳ್ಳಿ ಊರುವವರನ್ನು.

ಉತಾರ ಎಂಬ ಬಾಗಿಲು

2023–24ರ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ಕರಲ್ಲಿ ಮೂವರು ಕೃಷಿಯಲ್ಲಿದ್ದಾರೆ. ದುಡಿಯುವ ಗಂಡಸರಲ್ಲಿ ಕೃಷಿಯಲ್ಲಿರುವವರು ಅರ್ಧದಷ್ಟು ಮಾತ್ರ. ಖಾನಾಪುರದ ಗಂಡಸರು ಗೋವಾಕ್ಕೆ, ಬೆಳಗಾವಿಯ ಉದ್ಯಮಬಾಗಕ್ಕೆ, ಪುಣೆಗೆ ದುಡಿಯಲು ಹೋದಷ್ಟೂ ಹೊಲ ನಡೆಸುವ ಹೊಣೆ ಮನೆಯಲ್ಲಿರುವವರ ಮೇಲೆ ಬೀಳುತ್ತದೆ. ಆದರೆ 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಶೇ 14ರಷ್ಟು, ಅವರ ಕೈಯಲ್ಲಿದ್ದ ಭೂಮಿ ಶೇ 12ಕ್ಕಿಂತ ಕಡಿಮೆ.

ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಇಲ್ಲದಿದ್ದರೆ ಏನು ತಪ್ಪುತ್ತದೆ ಎಂಬುದನ್ನು ಬಿಡಿಸಿ ನೋಡೋಣ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಾದ ಪಿಕೆಪಿಎಸ್‌ನಲ್ಲಿ ಬೆಳೆಸಾಲ ಸಿಗುವುದಿಲ್ಲ. ಪಿಎಂ ಕಿಸಾನ್‌ನ ವರ್ಷದ ₹6,000 ಬರುವುದಿಲ್ಲ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಜಮೀನು ಜೋಡಣೆಯಾಗದೆ ರಿಯಾಯಿತಿ ಬೀಜ, ಉಪಕರಣ ದಕ್ಕುವುದಿಲ್ಲ. ಅತಿವೃಷ್ಟಿಯಲ್ಲಿ ಬೆಳೆ ಕೊಳೆತರೆ ಪರಿಹಾರ ಬೇರೆಯವರ ಖಾತೆಗೆ ಹೋಗುತ್ತದೆ. ಪ್ರಾತ್ಯಕ್ಷಿಕೆಯ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಆದ್ದರಿಂದ ಸಂಶೋಧಕರ ಕಣ್ಣಿಗೂ ಬೀಳುವುದಿಲ್ಲ. ಇಷ್ಟೆಲ್ಲಕ್ಕೂ ಬಾಗಿಲು ಒಂದೇ ಒಂದು ಕಾಗದ.

ಕಾನೂನು ಹಿಂದೆ ಉಳಿದಿಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂದ ತಿದ್ದುಪಡಿ ಆಗ ಮದುವೆಯಾಗಿರದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಅದನ್ನು ಮದುವೆಯಾದವರಿಗೂ ವಿಸ್ತರಿಸಿತು. ತಂದೆ ಆ ದಿನಾಂಕಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಹಾಗಿದ್ದರೂ ಉತಾರ ಬದಲಾಗದಿರಲು ಎರಡು ಕಾರಣ. ತವರಿನ ಬಾಂಧವ್ಯ ಉಳಿಯಲಿ ಎಂದು ಅಣ್ಣತಮ್ಮಂದಿರಿಗೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡುವ ಹೆಣ್ಣುಮಕ್ಕಳು ಬಹಳ. ಕಷ್ಟ ಬಂದಾಗ ಹೋಗಲು ತವರೊಂದೇ ದಿಕ್ಕು ಎಂಬ ಲೆಕ್ಕ ಅವರದು, ಅದನ್ನು ದುರ್ಬಲತೆ ಎನ್ನಲಾಗದು. ಎರಡನೆಯ ಕಾರಣ ಇನ್ನೂ ಮುಖ್ಯ. ಕಾನೂನು ಮಗಳಿಗೆ ಪಾಲು ಕೊಡುವುದು ತವರಿನ ಹೊಲದಲ್ಲಿ, ಅವಳು ದಿನನಿತ್ಯ ದುಡಿಯುವುದು ಗಂಡನ ಮನೆಯ ಹೊಲದಲ್ಲಿ. ಪಾಲು ಒಂದು ಊರಲ್ಲಿ, ದುಡಿಮೆ ಇನ್ನೊಂದು ಊರಲ್ಲಿ. ಮಗಳ ಹಕ್ಕಿನ ಜೊತೆಗೆ ದುಡಿಯುವ ಹೊಲದಲ್ಲಿ ಜಂಟಿ ಹೆಸರು ಇಲ್ಲದೆ ಈ ಅಂತರ ಮುಚ್ಚುವುದಿಲ್ಲ.

ಜಂಟಿ ಹೆಸರು ಅಸಾಧ್ಯವೇನಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಮದುವೆಯಾದವರಿಗೆ ಕೊಡುವ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೇ ಇರಬೇಕೆಂದು ಸ್ಪಷ್ಟವಾಗಿ ಬರೆದಿದೆ. ಖಾನಾಪುರದ ಕಾಡಂಚಿನ ಗೌಳಿ ಕುಟುಂಬಗಳಿಗೂ ಅನ್ವಯಿಸುವ ಕಾನೂನು ಅದು. ಕಾಡಿನ ಜಮೀನಿಗೆ ಒಪ್ಪಿತವಾದ ನ್ಯಾಯ ಊರಿನ ಜಮೀನಿಗೆ ಯಾಕೆ ಬೇಡ? ಎಂ.ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ 2012ರಲ್ಲಿ ಮಂಡಿಸಿದ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಭೂಮಿ ಹೆಸರಿನಲ್ಲಿ ಇರಲಿ ಬಿಡಲಿ, ಕೃಷಿ ಮಾಡುವ ಮಹಿಳೆಗೆ ರೈತಳೆಂಬ ಪ್ರಮಾಣಪತ್ರ ಕೊಡಿ, ಸಾಲ-ಸೌಲಭ್ಯಕ್ಕೆ ಅದನ್ನೇ ಆಧಾರ ಮಾಡಿ ಎಂದು ಅವರು ಕೇಳಿದ್ದರು. ಅವರ ಸದಸ್ಯತ್ವದ ಅವಧಿ ಮುಗಿಯುವುದರೊಂದಿಗೆ ಮಸೂದೆಯೂ ಬಿದ್ದುಹೋಯಿತು.

ಕಳೆನಾಶಕ ವರವೋ ಶಾಪವೋ?

ಈಗ ಕಠಿಣ ಪ್ರಶ್ನೆಗೆ ಬರೋಣ. ಕಸ ತೆಗೆಯುವ ಕಷ್ಟಕ್ಕೆ ಕಳೆನಾಶಕ ಬಂದಿದೆಯಲ್ಲ, ಎಣ್ಣೆ ಹೊಡೆದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಕೇಳುವವರಲ್ಲಿ ಹೆಂಗಸರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಸ್ವಂತ ಹೊಲವಿರುವ ಮನೆಯ ಸೊಸೆಗೆ ಬೆನ್ನು, ಮಂಡಿ ನೋವಿನಿಂದ ಬಿಡುಗಡೆ ಸಿಗುತ್ತದೆ. ಆದರೆ ಅದೇ ಊರಿನಲ್ಲಿ ಹೊಲವಿಲ್ಲದ ಹೆಂಗಸಿಗೆ ಜೂನ್‌, ಜುಲೈ ತಿಂಗಳ ಕಸ ತೆಗೆಯುವ ಕೂಲಿಯೇ ವರ್ಷದ ಮುಖ್ಯ ಗಳಿಕೆ. ಒಂದು ಡಬ್ಬಿ ಕಳೆನಾಶಕ ಆ ಗಳಿಕೆಯನ್ನು ತೆಗೆದುಬಿಡುತ್ತದೆ. ಕಿತ್ತ ಕಸದಲ್ಲಿ ಎಮ್ಮೆಗೆ ಹಸಿ ಮೇವೂ ಇತ್ತು, ಮನೆಗೆ ಒಂದು ಹಿಡಿ ಸೊಪ್ಪೂ ಇತ್ತು. ಅವೂ ಹೋಗುತ್ತವೆ. ಇತ್ತ ಎಣ್ಣೆ ಹೊಡೆಯುವವರು ಗಂಡಸರಾದರೂ ಅದಕ್ಕೆ ಕೊಡಗಟ್ಟಲೆ ನೀರು ಹೊತ್ತು ತರುವವರು, ಎಣ್ಣೆ ತಾಗಿದ ಬಟ್ಟೆಗಳನ್ನು ಒಗೆಯುವವರು ಹೆಂಗಸರೇ.

‘ಮಹಿಳೆಯರಿಗೆ ಅನುಕೂಲ’ ಎಂದು ಒಂದೇ ಮಾತಿನಲ್ಲಿ ಹೇಳುವುದು ಸಾಲದು ಎಂಬುದಕ್ಕೆ ಇದೇ ಸಾಕ್ಷಿ. ಯಾವ ಮಹಿಳೆಗೆ ಎಂದು ಕೇಳಬೇಕು. ಹೊಲ ಇದ್ದವಳಿಗೋ ಇಲ್ಲದವಳಿಗೋ? ಗಂಡ ಊರಲ್ಲಿ ಇರುವವಳಿಗೋ, ಗೋವಾಕ್ಕೆ ಹೋಗಿರುವವಳಿಗೋ, ಒಂಟಿ ಹೆಂಗಸಿಗೋ? ಕಸ ತೆಗೆಯುವ ಕೆಲಸವನ್ನು ಹಾಗೆಯೇ ಉಳಿಸಿ ಎಂದು ಯಾರೂ ವಾದಿಸಬೇಕಿಲ್ಲ, ಅದು ದೇಹ ಸವೆಸುವ ಕೆಲಸ. ಕೂಲಿಯನ್ನು ಪೂರ್ತಿ ಕಸಿಯದೆ ಶ್ರಮ ಕಡಿಮೆ ಮಾಡುವ ಮಧ್ಯದ ದಾರಿಗಳನ್ನು ಸಂಶೋಧನೆ ಹುಡುಕಬೇಕು. ಸಾಲಿನ ನಡುವಿನ ಕಸಕ್ಕೆ ನಿಂತುಕೊಂಡೇ ತಳ್ಳುವ ಸೈಕಲ್ ಎಡೆಕುಂಟೆಯನ್ನು ಹೆಂಗಸರ ಗುಂಪುಗಳ ಒಡೆತನಕ್ಕೆ ಕೊಟ್ಟು, ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುವಂತೆ ಮಾಡಿದರೆ ಗಳಿಕೆ ಉಳಿಯುತ್ತದೆ, ಅಷ್ಟರಮಟ್ಟಿಗೆ ಬೆನ್ನೂ ಉಳಿಯುತ್ತದೆ.

ಉಪಕರಣದ ಅಳತೆಯೂ ಮುಖ್ಯ. ಭಾರತದ ಕೃಷಿ ಕೆಲಸಗಾರರ ದೇಹದ ಅಳತೆಗಳನ್ನು ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ದಾಖಲಿಸಿದೆ. ಗಂಡಸರ ಸರಾಸರಿ ಎತ್ತರ 163 ಸೆಂ.ಮೀ. ಆಸುಪಾಸು, ಹೆಂಗಸರದು 152 ಸೆಂ.ಮೀ. ಆಸುಪಾಸು, ತೂಕ 46 ಕಿಲೋ. ಪೇಟೆಯಲ್ಲಿ ಸಿಗುವ 16 ಲೀಟರಿನ ಬೆನ್ನು ಪಂಪಿಗೆ ನೀರು ತುಂಬಿದರೆ ಒಟ್ಟು ತೂಕ 20 ಕಿಲೋ ಆಗುತ್ತದೆ. ಅಂದರೆ ಹೆಂಗಸಿನ ದೇಹತೂಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಗಂಡ ಊರಲ್ಲಿಲ್ಲದ ಮನೆಯಲ್ಲಿ ಅದನ್ನು ಅವಳೇ ಹೊರಬೇಕು. ಹಗುರವಾದ ಹಲ್ಲುಕುಡಗೋಲು, ಗೋವಿನಜೋಳ ಬಿಡಿಸುವ ಕೈಸಾಧನ, ನಿಂತು ಬೀಜ ಊರುವ ಕೊಳವೆ, ಇಂಥವನ್ನೆಲ್ಲ ಭೋಪಾಲದಲ್ಲಿ ಮತ್ತು 1996ರಲ್ಲಿ ಭುವನೇಶ್ವರದಲ್ಲಿ ಮಹಿಳಾ ಕೃಷಿಗೆಂದೇ ಆರಂಭವಾದ ಸಂಸ್ಥೆಯಲ್ಲಿ ರೂಪಿಸಿ ಪರೀಕ್ಷಿಸಲಾಗಿದೆ. ಜ್ಞಾನ ಇದೆ, ಖಾನಾಪುರದ ಸಂತೆಗೆ ಅದು ಬಂದಿಲ್ಲ. ಹೋಬಳಿಯ ಬಾಡಿಗೆ ಯಂತ್ರ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್‌ಗಳ ಪಕ್ಕದಲ್ಲಿ ಇವಕ್ಕೂ ಜಾಗ ಕೊಡಲು ದೊಡ್ಡ ಖರ್ಚೇನೂ ಬೇಕಿಲ್ಲ.

ಮಾಡಿ ತೋರಿಸಿದವರು ಇದ್ದಾರೆ

ನಮ್ಮ ರಾಜ್ಯ ಈ ದಾರಿಯಲ್ಲಿ ನಡೆದೇ ಇಲ್ಲವೆಂದಲ್ಲ. 1980ರ ದಶಕದಲ್ಲಿ ಡೆನ್ಮಾರ್ಕಿನ ಡ್ಯಾನಿಡಾ ನೆರವಿನ ವೈಟೆಪ್ ಯೋಜನೆ ಸಣ್ಣ ಹಿಡುವಳಿಯ ಮನೆಗಳ ಹೆಂಗಸರನ್ನು ರೈತ ತರಬೇತಿ ಕೇಂದ್ರಗಳಿಗೆ ಕರೆತಂದು ಬೇಸಾಯ ಪದ್ಧತಿಗಳನ್ನೇ ಕಲಿಸಿತು. ಅವರನ್ನು ರೈತರೆಂದೇ ಕಂಡದ್ದು ಅದರ ಹೆಚ್ಚುಗಾರಿಕೆ. ಆಮೇಲಿನ ವರ್ಷಗಳಲ್ಲಿ ‘ಮಹಿಳಾ ತರಬೇತಿ’ ಎಂದರೆ ಹೊಲಿಗೆ, ಹಪ್ಪಳ, ಉಪ್ಪಿನಕಾಯಿ ಎಂಬ ಕಡೆಗೆ ಜಾರಿದ್ದೇ ಹೆಚ್ಚು. ಮಣ್ಣು ಪರೀಕ್ಷೆ, ಬೀಜೋಪಚಾರ, ಬೆಲೆ ಮಾಹಿತಿಯ ಸಭೆಗಳಲ್ಲಿ ಮತ್ತೆ ಗಂಡಸರೇ ತುಂಬಿಕೊಂಡರು.

ಸಂಘಟನೆಯ ಬಲ ಏನು ಮಾಡಬಲ್ಲುದು ಎಂಬುದನ್ನು ಖಾನಾಪುರವೇ ತೋರಿಸಿದೆ. 2005ರ ಉದ್ಯೋಗ ಖಾತರಿ ಕಾಯಿದೆ ಹೆಣ್ಣು-ಗಂಡಿಗೆ ಒಂದೇ ಕೂಲಿ ಎಂದಿತು, ಕನಿಷ್ಠ ಮೂರನೇ ಒಂದು ಪಾಲು ಕೆಲಸ ಹೆಂಗಸರಿಗೆ ಎಂದಿತು. ತಾಲೂಕಿನ ಜಾಗೃತಿ ಮಹಿಳಾ ಒಕ್ಕೂಟದ ಹೆಂಗಸರು ಗುಂಪಾಗಿ ಕೆಲಸ ಕೇಳಿ ಪಡೆಯುವುದನ್ನು ರೂಢಿಗೆ ತಂದರು. ಆ ಕಾಯಿದೆಯಡಿ ಕೆಲಸ ಕೇಳುವ ನಮೂನೆ 6ರ ಅರ್ಜಿ ಪಂಚಾಯಿತಿಗೆ ಕೊಟ್ಟರೆ ಸಾಲುತ್ತಿರಲಿಲ್ಲ, ಅದಕ್ಕೆ ದಿನಾಂಕವಿರುವ ಸ್ವೀಕೃತಿ ಪಡೆಯಬೇಕಿತ್ತು. ಆ ಚೀಟಿ ಇಲ್ಲದಿದ್ದರೆ ಕೆಲಸ ಕೇಳಿದ್ದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. 2025–26ರಲ್ಲಿ ಕರ್ನಾಟಕದ ದರ ದಿನಕ್ಕೆ ₹370 ಇತ್ತು. ಹೊಲದ ಕೆಲಸದಲ್ಲಿ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಎಂಬ ರೂಢಿಯ ಎದುರು ಸಮಾನ ಕೂಲಿಯ ಒಂದು ಜಾಗ ಇದ್ದರೆ ಹೊಲದಲ್ಲೂ ಚೌಕಾಶಿ ಮಾಡುವ ಶಕ್ತಿ ಬರುತ್ತದೆ. ಯೋಜನೆಯ ಹೆಸರು, ನಿಯಮ ಏನೇ ಬದಲಾದರೂ ಸಮಾನ ಕೂಲಿ ಮತ್ತು ಕೇಳಿ ಪಡೆಯುವ ಹಕ್ಕು ಉಳಿಯಲೇಬೇಕು. ನೆರೆಯ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದವರು ಸಿರಿಧಾನ್ಯದ ಬೀಜ ಬ್ಯಾಂಕ್ ಕಟ್ಟಿ, ಸಂಸ್ಕರಣೆ ನಡೆಸಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಬೀಜದ ಜ್ಞಾನ ಯಾರ ಬಳಿ ಇದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಬೆಳಗಾವಿ ಜಿಲ್ಲೆಯ ಮಟ್ಟದಲ್ಲೇ ಶುರುಮಾಡಬಹುದಾದ ನಾಲ್ಕು ಕೆಲಸಗಳಿವೆ. ಒಂದು, ಯಾವುದೇ ತಳಿ, ಯಂತ್ರ, ಔಷಧಿಯ ಕ್ಷೇತ್ರ ಪರೀಕ್ಷೆಯ ವರದಿಯಲ್ಲಿ ಇಳುವರಿಯ ಪಕ್ಕದಲ್ಲಿ ಹೆಂಗಸರ ಕೆಲಸದ ತಾಸು ಮತ್ತು ಕೂಲಿ ದಿನಗಳ ಏರಿಳಿತವನ್ನು ಬರೆಯುವುದು ಕಡ್ಡಾಯವಾಗಲಿ. ಎರಡು, ಪ್ರಾತ್ಯಕ್ಷಿಕೆಗೆ ಒಬ್ಬ ರೈತನ ಬದಲು ಗಂಡ-ಹೆಂಡತಿ ಇಬ್ಬರ ಹೆಸರೂ ನೋಂದಣಿಯಾಗಲಿ, ತಳಿ ಆಯ್ಕೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಅಂಕ ಕೊಡಲಿ, ಹೊಲವಿಲ್ಲದ ಕೂಲಿ ಮಹಿಳೆಯರ ಅಭಿಪ್ರಾಯವನ್ನೂ ಕೇಳಲಿ. ಮೂರು, ತರಬೇತಿಗಳು ಅಡುಗೆ, ಹಾಲು ಹಿಂಡುವ ಹೊತ್ತು ಬಿಟ್ಟು, ಊರಲ್ಲೇ ನಡೆಯಲಿ. ಖಾನಾಪುರದ ಪಶ್ಚಿಮದ ಹಳ್ಳಿಗಳಲ್ಲಿ ಮರಾಠಿ, ಕೊಂಕಣಿ ಮನೆಮಾತಿನವರೂ ಇರುವುದರಿಂದ ಅವರಿಗೆ ತಿಳಿಯುವ ಮಾತಿನಲ್ಲಿ ನಡೆಯಲಿ. ನಾಲ್ಕು, ವಾರಸಾ ಬದಲಾವಣೆಗೆ ಅರ್ಜಿ ಬಂದಾಗ ವಿಧವೆಯ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿಲ್ಲವೆಂದು ಕಂದಾಯ ಸಿಬ್ಬಂದಿ ಖಚಿತಪಡಿಸಿಕೊಳ್ಳಲಿ, ಜಂಟಿ ಹೆಸರಿಗೆ ಮುಂದೆ ಬರುವ ಕುಟುಂಬಕ್ಕೆ ಸಬ್ಸಿಡಿಯಲ್ಲಿ ಆದ್ಯತೆ ಸಿಗಲಿ.

ಮಹಿಳೆಯರಿಗೆ ಗಂಡಸರಷ್ಟೇ ಸಂಪನ್ಮೂಲ ಸಿಕ್ಕರೆ ಅವರ ಹೊಲಗಳ ಇಳುವರಿ ಶೇ 20ರಿಂದ 30ರಷ್ಟು ಏರಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಅಂದಾಜು ಮಾಡಿತ್ತು. ಆ ಲಾಭ ದೊಡ್ಡದು. ಆದರೆ ಇಳುವರಿ ಒಂದು ಕಾಳೂ ಏರದಿದ್ದರೂ ಈ ಕೆಲಸ ಆಗಲೇಬೇಕು, ಯಾಕೆಂದರೆ ಹೊಲದ ದುಡಿಮೆಯ ದೊಡ್ಡ ಪಾಲು ಹೊತ್ತವರಿಗೆ ಹೊಲದ ತೀರ್ಮಾನದಲ್ಲಿ ಪಾಲು ಇಲ್ಲದಿರುವುದು ಅನ್ಯಾಯ. ಸಾರ್ವಜನಿಕ ಹಣದಲ್ಲಿ ನಡೆಯುವ ಸಂಶೋಧನೆ ತಾನು ಯಾರಿಗಾಗಿ ದುಡಿಯುತ್ತಿದ್ದೇನೆ ಎಂಬುದಕ್ಕೆ ಲೆಕ್ಕ ಕೊಡಬೇಕು. ಆ ಲೆಕ್ಕದಲ್ಲಿ ಖಾನಾಪುರದ ಕಸ ತೆಗೆಯುವ ಹೆಂಗಸಿಗೆ ಒಂದು ಕಾಲಂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಮುಂದಿನ ಮುಂಗಾರಿನ ಪ್ರಾತ್ಯಕ್ಷಿಕೆಗಳ ಪಟ್ಟಿ ಸಿದ್ಧವಾಗುವ ಮೊದಲೇ ಆ ಕಾಲಂ ಸೇರಿಸಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.